ಸುಣ್ಣದ ಗೆರೆಯೊಳಗಿನ ನಾಡು

ನಮ್ಮೂರಿನ ಹೆಂಗಸರು ಹಾಲಿಗೆ ಹೆಪ್ಪು ಹಾಕುವ ಮೊದಲು ಅಂಗಳಕ್ಕೆ ಬಂದು ಮಾತಿನ ಮಹಲಿನ ಗಡಿಯಾರದ ಕಡೆ ಒಮ್ಮೆ ನೋಡುತ್ತಾರೆ. ಮುಳ್ಳು ನಡೆಯುತ್ತಿದ್ದರೆ ಹೆಪ್ಪು ಹಾಕುತ್ತಾರೆ. ನಿಂತಿದ್ದರೆ ಹಾಲನ್ನು ಹಾಗೇ ಮುಚ್ಚಿಟ್ಟು, ಮಹಲಿನೊಳಗೆ ಕೂತವರಿಗೆ ಕೇಳಿಸದ ಹಾಗೆ ಒಂದೆರಡು ಮಾತು ಅಂದು ಒಳಗೆ ಹೋಗುತ್ತಾರೆ. ಗಡಿಯಾರ ನಿಂತಾಗ ನಮ್ಮಲ್ಲಿ ಹಾಲು ಮೊಸರಾಗುವುದಿಲ್ಲ.

ಆ ಗಡಿಯಾರದ ಕೀಲಿ ನಮ್ಮ ಮನೆತನದ್ದು. ನಾನು ಈರವ್ವ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು. ಆದರೆ ಕೇಳುವವರಿಗೆ ತಿಳಿಯಬೇಕಲ್ಲ ಎಂದು ನಮ್ಮೂರ ದೇವರು ಹೊತ್ತಿನ ಮಲ್ಲಯ್ಯನಿಗೆ ಕೈಮುಗಿದು ಹೇಳುತ್ತೇನೆ, ಅಂದಾನಪ್ಪ. ಕೀಲಿ ಅವರ ಸೊಂಟದ ದಾರದಲ್ಲಿ ಇರುತ್ತಿತ್ತು. ಸ್ನಾನಕ್ಕೆ ಹೋದಾಗಲೂ ಬಿಚ್ಚುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಲೋಕದ ದೇಶಗಳವರೆಲ್ಲ ನಮ್ಮೂರಿಗೆ ಬಂದು ಆ ಮಹಲಿನಲ್ಲಿ ಹವಾಮಾನದ ಸಭೆ ನಡೆಸುತ್ತಾರೆ. ಭೂಮಿ ಕಾಯುತ್ತಿದೆ, ಹೊಗೆ ಇಳಿಸಬೇಕು, ಯಾರು ಇಳಿಸಬೇಕು, ಯಾರು ಮೊದಲು ಇಳಿಸಬೇಕು, ಇಷ್ಟೇ ಮಾತು. ಕೊನೆಯ ದಿನ ಹೊತ್ತು ಮುಳುಗುವುದರೊಳಗೆ ಎಲ್ಲರೂ ಒಂದು ಕಾಗದಕ್ಕೆ ಒಪ್ಪಬೇಕೆಂಬುದು ಕಟ್ಟಳೆ. ಬೇರೆ ಊರಲ್ಲಿ ಸಭೆ ಮಾಡಿದರೆ ಹೊತ್ತು ಮುಳುಗಿಬಿಡುತ್ತದೆ. ಅದಕ್ಕೇ ಅವರಿಗೆ ನಮ್ಮೂರೇ ಬೇಕು. ಸೂರ್ಯ ಪಡುವಣ ಗುಡ್ಡಕ್ಕೆ ತಾಗಿದಾಗ ಅಧ್ಯಕ್ಷರು ಕೈಸನ್ನೆ ಮಾಡುತ್ತಾರೆ. ಕೀಲಿಯವರು ಏಣಿ ಹತ್ತಿ, ಗಡಿಯಾರದ ಪೆಟ್ಟಿಗೆ ತೆಗೆದು, ತೂಗುವ ಗುಂಡನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ಸೂರ್ಯ ಗುಡ್ಡದ ಮೇಲೆ ಹಾಗೇ ಕೂರುತ್ತಾನೆ. ಒಮ್ಮೆ ಅವಸರದ ಅಧ್ಯಕ್ಷರೊಬ್ಬರು ಬೇರೆ ಕೀಲಿ ಮಾಡಿಸಿ, ಬೇರೆಯವರ ಕೈಯಿಂದ ನಿಲ್ಲಿಸಿ ನೋಡಿದರು. ಮುಳ್ಳು ನಿಂತಿತು, ಹೊತ್ತು ಮುಳುಗಿತು. ಅಂದಿನಿಂದ ನಮ್ಮ ಮನೆಯವರಿಗೆ ಮಹಲಿನಲ್ಲಿ ಕುರ್ಚಿ ಹಾಕುತ್ತಾರೆ.

ನಿಂತ ಮುಸ್ಸಂಜೆಯಲ್ಲಿ ಕೈಯಿಂದ ಮಾಡಿದ್ದು ಆಗುತ್ತದೆ, ತಾನಾಗಿ ಆಗಬೇಕಾದ್ದು ಆಗುವುದಿಲ್ಲ. ಒಲೆ ಹಚ್ಚಿದರೆ ಅನ್ನ ಬೇಯುತ್ತದೆ, ಆದರೆ ಹಸಿವು ಬರುವುದಿಲ್ಲ. ಮೊಗ್ಗು ಬಿರಿಯುವುದಿಲ್ಲ, ಗಾಯ ಮಾಯುವುದಿಲ್ಲ, ನಿದ್ದೆ ಹತ್ತುವುದಿಲ್ಲ. ದಿನ ತುಂಬಿದ ಬಸುರಿಯರನ್ನು ಸಭೆಗೆ ಮುಂಚೆಯೇ ಗಡಿಕಲ್ಲಿನಾಚೆ ನೆಂಟರ ಮನೆಗೆ ಕಳಿಸುತ್ತೇವೆ, ನೋವು ಹತ್ತಿ ಅರ್ಧಕ್ಕೆ ನಿಂತರೆ ಯಾರು ನೋಡುವುದು? ಸುತ್ತಲ ಹಳ್ಳಿಯವರು ಉಸಿರು ಕೊನೆಗೆ ಬಂದ ಮುದುಕರನ್ನು ಇದೇ ಸಮಯಕ್ಕೆ ಗಾಡಿಯಲ್ಲಿ ಹೊತ್ತು ತಂದು ಧರ್ಮಶಾಲೆಯಲ್ಲಿ ಮಲಗಿಸುತ್ತಾರೆ. ಗಡಿಯಾರ ನಿಂತಷ್ಟು ಹೊತ್ತು ಯಾರೂ ಹೋಗುವುದಿಲ್ಲವಲ್ಲ. ಮಾತಾಡುವವರಿಗಂತೂ ಇದು ಸ್ವರ್ಗವೇ. ಹಸಿವಿಲ್ಲ, ನಿದ್ದೆಯಿಲ್ಲ, ಗಡ್ಡ ಬೆಳೆಯುವುದಿಲ್ಲ. ಗಡಿಕಲ್ಲಿನಾಚೆ ಮಾತ್ರ ಲೋಕ ತನ್ನ ಪಾಡಿಗೆ ನಡೆದಿರುತ್ತದೆ. ಬಸ್ಸಿನವನು ಒಮ್ಮೆ ಕೆಸರು ಮೆತ್ತಿಕೊಂಡು ಬರುತ್ತಾನೆ, ಮತ್ತೊಮ್ಮೆ ಮಫ್ಲರ್ ಸುತ್ತಿಕೊಂಡು ಬರುತ್ತಾನೆ. ಅವನನ್ನು ನೋಡಿಯೇ ನಮಗೆ ಎಷ್ಟು ಕಾಲ ಸರಿಯಿತು ಎಂಬ ಅಂದಾಜು.

ಲಿತಿಯಾ ನಮ್ಮ ಮನೆಯಲ್ಲಿ ಇಳಿಯುತ್ತಿದ್ದವಳು. ಎಲ್ಲೋ ದೊಡ್ಡ ಸಮುದ್ರದ ನಡುವೆ ಅವಳ ನಾಡು, ಒಂದು ಪುಟ್ಟ ನಡುಗಡ್ಡೆ. ಅಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಮೊದಲ ವರ್ಷ ಬಂದದ್ದು ಕೂಗಲಿಕ್ಕೆ. ಮಹಲಿನ ಮುಂದೆ ಸುಣ್ಣದಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಹೊಗೆ ಇಳಿಸಿರೆಂದು ಕೂಗುವವರು, ಫಲಕ ಹಿಡಿಯುವವರು, ನೆಲದ ಮೇಲೆ ಹೆಣದಂತೆ ಮಲಗಿ ತೋರಿಸುವವರು ಎಲ್ಲರೂ ಆ ಗೆರೆಯೊಳಗೇ ಇರಬೇಕು. ಕಾಲು ಹೊರಗೆ ಬಂದರೆ ಕಾವಲಿನವರು ಕೊರಳ ಗುರುತಿನ ಬಿಲ್ಲೆ ಕಿತ್ತುಕೊಳ್ಳುತ್ತಾರೆ. ಆಮೇಲೆ ಅವಳ ನಾಡಿನವರು, ನಮ್ಮಲ್ಲಿ ಕಳಿಸಲಿಕ್ಕೆ ಬೇರೆ ಯಾರಿದ್ದಾರೆ ಎಂದು ಒಳಗಿನ ಕುರ್ಚಿಯನ್ನೂ ಅವಳಿಗೇ ಕೊಟ್ಟರು. ಹೀಗಾಗಿ ಅವಳು ಒಳಗೆ ಕೂತು ಮಾತಾಡುವಳು, ಹೊರಗೆ ಬಂದು ಗೆರೆಯೊಳಗೆ ನಿಂತು ಕೂಗುವಳು.

"ಒಳಗ ಹೇಳಿದ್ದನ್ನ ಹೊರಗ ಬಂದು ಮತ್ತ್ಯಾಕ ಕೂಗ್ತಿಯವಾ?" ಎಂದು ನಮ್ಮ ಮನೆಯವರು ಕೇಳಿದ್ದರು.

"ಒಳಗ ನಾ ಮಾತಾಡಬೇಕಾದ್ರ ಅವರು ಚಾ ಕುಡಿಯಾಕ ಹೋಗ್ತಾರ್ರೀ ಅಪ್ಪಾ. ಹೊರಗ ಕೂಗಿದ್ರ ಚಾ ಕುಡಿಯೋವಾಗ ಕೇಳಿಸ್ತೈತಿ."

ನಮ್ಮ ಮಾತನ್ನು ಅವಳು ನಮ್ಮ ಅಡುಗೆಮನೆಯಲ್ಲೇ ಕಲಿತವಳು. ಪ್ರತಿ ವರ್ಷ ಬರುವಾಗ ತನ್ನ ನಾಡಿನ ಮರಳನ್ನು ಒಂದು ಚೀಲದಲ್ಲಿ ತರುತ್ತಿದ್ದಳು. ಸಭೆಯ ಮೇಜಿನ ಮೇಲೆ ಇಡಬೇಕು, ಇದರ ಬಗ್ಗೆಯೇ ನೀವು ಮಾತಾಡುತ್ತಿರುವುದು ಎಂದು ತೋರಿಸಬೇಕು ಎಂದು ಅವಳ ಆಸೆ. ಬಾಗಿಲಲ್ಲಿ ಕಾವಲಿನವರು ಪ್ರತಿ ವರ್ಷ ತಡೆಯುತ್ತಿದ್ದರು. ಮೊದಲ ಸಲ ಅವಳು ಅಳುತ್ತ ಚೀಲ ಹಿಡಿದು ಮನೆಗೆ ಬಂದಾಗ ಇವರು, "ಮಣ್ಣು ಎಸೀಬಾರದು ತಾಯಿ. ಕೊಡಿಲ್ಲೆ" ಎಂದು ಹಿತ್ತಲ ಮೂಲೆಯಲ್ಲಿ, ಬಿಲ್ವದ ಗಿಡದ ಆಚೆ ಹರಡಿದರು. ವರ್ಷ ವರ್ಷ ಹರಡಿ ಅದು ಒಂದು ಚಾಪೆಯಗಲ ಆಯಿತು. ಬೇಸಿಗೆಯಲ್ಲೂ ಅದು ಒಣಗುತ್ತಿರಲಿಲ್ಲ. ಬೆರಳು ಚುಚ್ಚಿ ನಾಲಗೆಗೆ ಇಟ್ಟರೆ ಉಪ್ಪು. ಲಿತಿಯಾ ಬಂದಾಗಲೆಲ್ಲ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು ಏನೋ ಗುನುಗುತ್ತಿದ್ದಳು. ನಾನು ಅದನ್ನು ಪ್ರಾರ್ಥನೆ ಎಂದುಕೊಂಡಿದ್ದೆ. ಕೇಳಿದರೆ, ಮಕ್ಕಳಿಗೆ ಹೇಳಿಕೊಡುವ ಲೆಕ್ಕದ ಹಾಡಂತೆ.

ನಾನು ಹೇಳಬೇಕಾದ ವರ್ಷ ಅವಳು ಬಂದಾಗ ಮುಖದಲ್ಲಿ ನಗು ಇರಲಿಲ್ಲ. ನಾಡಿನಲ್ಲಿ ಉಳಿದವರು ಕೆಲವೇ ಮನೆಯವರು, ಅವಳ ಅಣ್ಣನೂ ಅವರಲ್ಲಿ ಒಬ್ಬ. ಅವರನ್ನು ಕರೆದೊಯ್ಯಲು ಹಡಗೊಂದು ಬಂದು ನಿಂತಿತ್ತು. ಆದರೆ ಅವರು ಹತ್ತಿರಲಿಲ್ಲ. ಸಭೆಯ ಕಾಗದದಲ್ಲಿ ಒಂದು ಸಾಲು ಬರಬೇಕಿತ್ತು. ಮುಳುಗುವ ನಾಡುಗಳ ಸಲುವಾಗಿ ಈ ವರ್ಷದಿಂದಲೇ ಹೊಗೆ ಇಳಿಸುತ್ತೇವೆ, ಆ ನಾಡುಗಳ ನೆಲ ಎತ್ತರಿಸಲು ಕೈ ಹಚ್ಚುತ್ತೇವೆ ಎಂಬ ಸಾಲು. ಅದು ಬಂದರೆ ಉಳಿಯುತ್ತೇವೆ, ಬಾರದಿದ್ದರೆ ಹಡಗು ಹತ್ತುತ್ತೇವೆ, ಲಿತಿಯಾ ಹೇಳುವವರೆಗೆ ಕಾಯುತ್ತೇವೆ ಎಂದು ಕೂತಿದ್ದರು.

"ಸಾಲು ಕಾಗದದಾಗ ಐತಿ ಈರಕ್ಕಾ," ಎಂದಳು. "ಆದ್ರ ಕಂಸದೊಳಗ ಐತಿ."

ಒಪ್ಪಿಗೆಯಾಗದ ಮಾತನ್ನು ಅವರು ಎರಡು ಕಂಸಗಳ ನಡುವೆ ಕೂಡಿಹಾಕುತ್ತಾರಂತೆ. ಅದು ಹೇಳಿದ ಮಾತೂ ಅಲ್ಲ, ಬಿಟ್ಟ ಮಾತೂ ಅಲ್ಲ. ಕಂಸ ತೆಗೆದರೆ ಮಾತಿಗೆ ಜೀವ.

ಕೊನೆಯ ದಿನ ಇವರು ಎಂದಿನಂತೆ ವಿಭೂತಿ ಹಚ್ಚಿಕೊಂಡು ಮಹಲಿಗೆ ಹೋದರು. ಅಧ್ಯಕ್ಷರು ಕೈಸನ್ನೆ ಮಾಡಿದರು, ಇವರು ಏಣಿ ಹತ್ತಿ ಗುಂಡನ್ನು ಹಿಡಿದರು. ಗಡಿಯಾರ ನಿಲ್ಲುವ ಗಳಿಗೆಯಲ್ಲೇ ಇವರ ಎದೆಯಲ್ಲಿ ಏನೋ ಹಿಡಿದುಕೊಂಡಿತು. ಏಣಿಯಿಂದ ಇಳಿಯುವುದರೊಳಗೆ ಕುಸಿದರು. ಮನೆಗೆ ಹೊತ್ತು ತಂದು ಮಂಚದ ಮೇಲೆ ಮಲಗಿಸಿದರು. ವೈದ್ಯರು ನಾಡಿ ಹಿಡಿದು ನೋಡಿ, ನನ್ನನ್ನು ಹೊರಗೆ ಕರೆದು, "ಗಡಿಯಾರ ನಿಂತದ್ದಕ್ಕ ಅದಾರ, ಅಷ್ಟ ತಿಳ್ಕೋರಿ" ಎಂದರು.

ಮಾತು ನಿಂತಿತ್ತು. ಕಣ್ಣು ತೆರೆದಿತ್ತು. ಒಂದೊಂದು ಉಸಿರೂ ಕೊನೆಯದೆನ್ನುವ ಹಾಗೆ ಬಂದು, ಕೊನೆಯದಾಗದೆ ಹೋಗುತ್ತಿತ್ತು. ನೋವು ಏರಿದ ತುದಿಯಲ್ಲೇ ನಿಂತಿತ್ತು, ಇಳಿಯಲು ಅದಕ್ಕೂ ಹೊತ್ತು ಬೇಕಲ್ಲ. ಸೊಂಟದ ದಾರದಿಂದ ಕೀಲಿಯನ್ನು ನಾನೇ ಬಿಚ್ಚಿ ನನ್ನ ಸೆರಗಿಗೆ ಕಟ್ಟಿಕೊಂಡೆ. ಹಿಂದೊಮ್ಮೆ ಇವರಿಗೆ ಜ್ವರ ಬಂದಾಗ ನಾನು ಏಣಿ ಹತ್ತಿದ್ದುಂಟು. ನನ್ನ ಕೈಯ ಮಾತನ್ನೂ ಹೊತ್ತು ಕೇಳಿತ್ತು.

ಮೊಸರು ಮಾರುವ ಸಂಕವ್ವ ನೋಡಲು ಬಂದಳು. ಅವಳ ಬಾಯಿ ಊರಿಗೇ ಗೊತ್ತು. ಮಂಚದ ಪಕ್ಕ ಕೂತು ಸ್ವಲ್ಪ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, "ಹೊರಗ ಬಸ್ಸಿನಾಂವ ಸ್ವೆಟರ್ ಹಾಕ್ಕೊಂಡು ಮತ್ತ ತಗದಾನಂತ. ನನ್ನ ಹಾಲು ಮಾತ್ರ ಕರದದ್ದು ಕರದಂಗ ಐತಿ. ಈ ಮಹಲಿನ ಕೋಟಿನಾವರ ಬಾಯಿಗೆ ಹೆಪ್ಪು ಹಾಕಬೇಕು ನೋಡು" ಎಂದಳು.

"ಸುಮ್ನಿರ ಸಂಕವ್ವಾ, ಕೇಳಿಸ್ತೈತಿ."

"ಕೇಳಲಿ. ನಮ್ಮ ಕೀಲಿಯಪ್ಪಗೂ ಒಂದೀಟು ನಗಿ ಬರಲಿ." ಆಮೇಲೆ ದನಿ ತಗ್ಗಿಸಿ, "ಧರ್ಮಶಾಲಿಯೊಳಗ ಮಲಗ್ಯಾರಲ್ಲ, ಅವರ ಮಕ್ಕಳು ಗಡಿಯಾರ ಬಿಡಬ್ಯಾಡ ಅಂತ ನಿನ್ನ ಕಾಲಿಗೆ ಬೀಳಾಕ ಬರ್ತಾರ. ಬಾಗಿಲಾ ಹಾಕ್ಕೊ" ಎಂದು ಹೋದಳು.

ಅವರು ಬಂದರು, ಕಾಲಿಗೆ ಬಿದ್ದರು. ನನಗೆ ಅವರನ್ನು ಎಬ್ಬಿಸಲು ನಾಚಿಕೆಯಾಯಿತು. ಅವರು ಕೇಳುತ್ತಿದ್ದುದನ್ನೇ ನಾನೂ ಒಳಗೊಳಗೆ ದೇವರನ್ನು ಕೇಳುತ್ತಿದ್ದೆ, ನಿಂತೇ ಇರಲಿ ಎಂದು.

ಲಿತಿಯಾ ಮಹಲಿಗೂ ಮನೆಗೂ ಓಡಾಡುತ್ತಿದ್ದಳು. ಬಂದಾಗಲೆಲ್ಲ ಇವರ ತುಟಿಗೆ ಹತ್ತಿಯಿಂದ ನೀರು ಸವರುವಳು, ಪಾದ ತಿಕ್ಕುವಳು. ಅವಳ ಫೋನು ಸೊಂಟದಲ್ಲಿ ನಡುಗಿದರೆ ಹಿತ್ತಲಿಗೆ ಓಡುವಳು. ಅವಳ ಅಣ್ಣ ಪ್ರತಿ ಸಲ ಒಂದೊಂದು ಸುದ್ದಿ ಹೇಳುತ್ತಿದ್ದ. ಒಮ್ಮೆ ಶಾಲೆಯ ಅಂಗಳಕ್ಕೆ ನೀರು ಬಂತು ಎಂದ. ಒಮ್ಮೆ ಸಿಹಿನೀರಿನ ಬಾವಿ ಉಪ್ಪಾಯಿತು ಎಂದ. ಮತ್ತೊಮ್ಮೆ ಅವಳು ಬಹಳ ಹೊತ್ತು ಬರೇ ಕೇಳಿದಳು. ಒಳಗೆ ಬಂದು ನನ್ನ ಪಕ್ಕ ಒಲೆಯ ಮುಂದೆ ಕೂತಳು.

"ಅವ್ವನ ಗೋರಿ ಹೋತು," ಎಂದಳು. "ಎಲ್ಲಾರದೂ ಹೋತು. ನಮ್ಮಲ್ಲಿ ಹಿರಿಯರು ಹೇಳ್ತಿದ್ರು ಈರಕ್ಕಾ, ಸತ್ತವರು ಮಲಗಿದ್ರ ಅದು ಊರು, ಇಲ್ಲಾಂದ್ರ ಬರೇ ಸಮುದ್ರದ ದಂಡಿ ಅಂತ. ಈಗ ನಮ್ಮದು ಬರೇ ದಂಡಿ."

ನಾನು ಒಲೆಗೆ ಒಂದು ಕಟ್ಟಿಗೆ ಸರಿಸಿದೆ. ನನ್ನ ಸೆರಗಿನ ಗಂಟು ಒಲೆಯ ಬೆಳಕಿಗೆ ಹೊಳೆಯುತ್ತಿತ್ತು. ಅವಳು ಅದನ್ನು ನೋಡಿದಳು, ನೋಡಿ ಮುಖ ಆಚೆ ತಿರುಗಿಸಿದಳು. ಗಡಿಯಾರ ಬಿಡು ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಸಿಟ್ಟಾಗಬಹುದಿತ್ತು, ನನ್ನ ಗಂಡನ ಜೀವ ಕೇಳ್ತೀಯಾ ಎನ್ನಬಹುದಿತ್ತು. ಕೇಳದವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಇತ್ತ ನನ್ನ ಮನೆಯಲ್ಲಿ ಒಂದು ಉಸಿರು ಕಂಸದೊಳಗಿತ್ತು, ಅತ್ತ ಅವಳ ನಾಡು ಕಂಸದೊಳಗಿತ್ತು. ನಡುವೆ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಹಸಿವಿಲ್ಲದ ಅನ್ನ ಉಣ್ಣುತ್ತಿದ್ದೆವು.

ಮನಸ್ಸು ತಡೆಯದೆ ಗುಡಿಗೆ ಹೋದೆ. ಪೂಜಾರಿ ಗದ್ದಿಗಯ್ಯನವರು ಆರತಿ ತಟ್ಟೆ ಹಿಡಿದು ಗರ್ಭಗುಡಿಯ ಹೊಸ್ತಿಲ ಮೇಲೆ ಕೂತಿದ್ದರು. ಸಂಜೆಯ ಪೂಜೆ ಮುಗಿಯಬೇಕಾದರೆ ಸಂಜೆ ಮುಗಿಯಬೇಕು. ಅದು ಮುಗಿಯದೆ ಅವರು ಬಾಗಿಲು ಹಾಕುವಂತಿಲ್ಲ.

"ಕೈ ಸೋತೇತವಾ," ಎಂದರು. "ದೇವರಿಗೂ ಬೇಸರ ಬಂದಿರಬೇಕು. ಒಂದ ಆರತಿ ಎಷ್ಟು ಸಲ ನೋಡ್ಯಾನು?"

ನಾನು ನಂದಾದೀಪಕ್ಕೆ ಎಣ್ಣೆ ಹಾಕಲು ಹೋದೆ. ಗದ್ದಿಗಯ್ಯನವರು ಕೈ ಅಡ್ಡ ಹಿಡಿದರು. "ತುಂಬಿದ್ದು ತುಂಬೇ ಐತಿ. ಉರೀತೈತಿ, ಆದ್ರ ಎಣ್ಣಿ ಇಳಿಯೂದಿಲ್ಲ."

ನಾನು ಬಹಳ ಹೊತ್ತು ಆ ದೀಪವನ್ನೇ ನೋಡುತ್ತ ನಿಂತೆ. ಅಂಚಿನವರೆಗೆ ಎಣ್ಣೆ, ನಡುವೆ ಅಲುಗದ ಕುಡಿ. ಹುಟ್ಟಿದಾಗಿನಿಂದ ದೀಪಕ್ಕೆ ಕೈಮುಗಿದವಳು ನಾನು. ಅಂದು ಮಾತ್ರ ಕೈ ಮೇಲೇಳಲಿಲ್ಲ. ಏನೂ ಕಳೆದುಕೊಳ್ಳದೆ ಉರಿಯುವುದು ದೀಪ ಹೇಗಾದೀತು, ಅದನ್ನು ದೇವರ ಮುಂದೆ ಇಟ್ಟರೆ ನಾನು ಏನು ಕೊಟ್ಟ ಹಾಗಾಯಿತು ಎನ್ನಿಸಿತು. ಮಲ್ಲಯ್ಯ ಏನೂ ಹೇಳಲಿಲ್ಲ. ಅವನು ಹೇಳುವವನಲ್ಲ. ನಾವು ಎಲ್ಲಿಗೆ ಬಂದು ಮುಟ್ಟುತ್ತೇವೆ ಎಂದು ನೋಡುತ್ತ ಕೂರುವವನು.

ಮನೆಗೆ ಬಂದಾಗ ಲಿತಿಯಾ ಮಂಚದ ಪಕ್ಕ ಕಿವಿ ಕೊಟ್ಟು ಕೂತಿದ್ದಳು.

"ಈರಕ್ಕಾ, ಅಪ್ಪ ಏನೋ ಹೇಳಾಕತ್ಯಾರ."

ಇವರ ಬಲಗೈ ಬೆರಳು ಮಂಚದ ಪಟ್ಟಿಗೆ ಮೆಲ್ಲಗೆ ಬಡಿಯುತ್ತಿತ್ತು. ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್. ನಾನು ಅದನ್ನು ಮೊದಲೇ ಕೇಳಿದ್ದೆ, ನೋವಿಗೆ ಬೆರಳು ಆಡುತ್ತದೆ ಎಂದುಕೊಂಡಿದ್ದೆ. ಈಗ ಕೇಳಿದರೆ ಅದು ಗಡಿಯಾರದ ನಡಿಗೆ. ಇವರ ಅಪ್ಪ ಇವರಿಗೆ, ಗುಂಡು ಹೇಗೆ ತೂಗಬೇಕೆಂದು ತೊಡೆಯ ಮೇಲೆ ಬಡಿದು ಕಲಿಸಿದ ನಡಿಗೆ. ಕಣ್ಣು ನನ್ನ ಸೆರಗಿನ ಗಂಟಿನ ಮೇಲಿತ್ತು.

"ಏನಂತಾರ?" ಎಂದಳು ಲಿತಿಯಾ.

"ಬಿಡು ಅಂತಾರ."

ಅವಳು ಎದ್ದು ನಿಂತಳು. "ಬ್ಯಾಡಕ್ಕಾ. ನನ್ನ ಸಲುವಾಗಿ ಇದನ್ನ ಮಾಡಬ್ಯಾಡ. ನಾ ಹೊರಲಾರೆ."

"ನಿನ್ನ ಸಲುವಾಗಿ ಅಲ್ಲವಾ. ಅವರು ಕೇಳಾಕತ್ಯಾರ."

ನಾನು ಬಾಗಿಲವರೆಗೆ ಹೋಗಿ ನಿಂತೆ. ಗಡಿಯಾರ ಬಿಡುವವಳು ನಾನು. ಬಿಟ್ಟ ಗಳಿಗೆಗೆ ಇವರು ಹೊರಡುತ್ತಾರೆ. ನಾನು ಮಹಲಿನ ಏಣಿಯ ಮೇಲಿರುತ್ತೇನೆ, ಇವರು ಇಲ್ಲಿ ಒಬ್ಬರೇ. ಇಷ್ಟು ವರ್ಷ ಒಂದು ಹೊದಿಕೆಯಡಿ ಮಲಗಿದವರ ಬಾಯಿಗೆ ಕೊನೆಯ ನೀರು ಬಿಡಲು ನಾನಿರುವುದಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಲಿತಿಯಾಳಿಗೆ ತಿಳಿಯಿತು.

"ನಾ ಇರ್ತೀನಿ," ಎಂದಳು.

"ನೀ ಅಲ್ಲಿರಬೇಕಲ್ಲ. ನಿನ್ನ ಕುರ್ಚಿ?"

"ಗಡಿಯಾರ ಬಿಟ್ಟ ಕೂಡಲೇ ಎಲ್ಲಾರಿಗೂ ಹಸಿವು ಬರ್ತೈತಿ. ಮೊದಲ ಊಟಕ್ಕ ಓಡ್ತಾರ. ಮಾತು ಶುರು ಆಗೂದ್ರಾಗ ನಾ ಬಂದಿರ್ತೀನಿ."

ನಾನೂ ಹಾಗೇ ಎಣಿಸಿದೆ. ನಮ್ಮೂರಲ್ಲಿ ಗಡಿಯಾರ ಬಿಟ್ಟಾಗ ಎಲ್ಲರೂ ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಮನೆಗೆ ಹೋಗಿ, ಕಾಲು ತೊಳೆದು ಉಣ್ಣುತ್ತಾರೆ. ಮಾರನೆಯ ಬೆಳಕು ಹರಿಯುವವರೆಗೆ ಅಂಗಡಿ ತೆಗೆಯುವುದಿಲ್ಲ, ವ್ಯವಹಾರ ಮಾತಾಡುವುದಿಲ್ಲ. ಅಷ್ಟು ವರ್ಷ ನಮ್ಮ ಮನೆಯಲ್ಲಿ ಇಳಿದ ಲಿತಿಯಾಳಿಗೂ ಅದೇ ಲೋಕದ ರೀತಿ ಎನಿಸಿಬಿಟ್ಟಿತ್ತು. ಒಪ್ಪಿಗೆಗೆ ಮೊದಲೇ ಗಡಿಯಾರ ಬಿಟ್ಟದ್ದು ಆವರೆಗೆ ಒಮ್ಮೆಯೂ ಇರಲಿಲ್ಲ. ಕೋಟಿನವರು ಆಗ ಏನು ಮಾಡುತ್ತಾರೆ ಎಂದು ಯಾರೂ ಕಂಡಿರಲಿಲ್ಲ.

ನಾನು ಇವರ ಹಣೆಗೆ ವಿಭೂತಿ ಹಚ್ಚಿದೆ. ಕಿವಿಯ ಹತ್ತಿರ ಬಾಗಿ, "ಹೋಗಿ ಬರ್ತೀನ್ರಿ" ಎಂದೆ. ಮದುವೆಯಾದಾಗಿನಿಂದ ಏಣಿ ಹತ್ತಲು ಹೊರಡುವಾಗ ಇವರು ನನಗೆ ಹೇಳುತ್ತಿದ್ದ ಮಾತು ಅದು. ಬೆರಳು ಬಡಿಯುವುದನ್ನು ನಿಲ್ಲಿಸಿತು.

ಮಹಲಿನ ಮುಂದೆ ಸುಣ್ಣದ ಗೆರೆಯೊಳಗೆ ಹುಡುಗ ಹುಡುಗಿಯರು ಕೂತಿದ್ದರು. ಕೂಗಿ ಕೂಗಿ ದನಿ ಹೋಗಿ, ಈಗ ಬರೇ ತುಟಿ ಆಡಿಸುತ್ತಿದ್ದರು. ದನಿ ಮರಳಿ ಬರಲೂ ಹೊತ್ತು ನಡೆಯಬೇಕು. ಕಾವಲಿನವರು ನನ್ನನ್ನು ತಡೆಯಲಿಲ್ಲ, ಕೀಲಿಯವರ ಮನೆಯವಳು. ಒಳಗೆ ಹೊಗೆಯ ಬಗ್ಗೆ ಮಾತು ನಡೆದೇ ಇತ್ತು. ಯಾರೋ ಮಾತಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಲಿತಿಯಾಳ ಕುರ್ಚಿಯ ಮೇಲೆ ಅವಳ ನಾಡಿನ ಹೆಸರು ಬರೆದ ಪುಟ್ಟ ಹಲಗೆ ಒಂಟಿಯಾಗಿ ನಿಂತಿತ್ತು. ಅಧ್ಯಕ್ಷರ ಕಾರ್ಯದರ್ಶಿ, ಎಳೆ ಮೀಸೆಯ ಅಚ್ಚುಕಟ್ಟಿನ ಮನುಷ್ಯ, ಏಣಿಯ ಬುಡಕ್ಕೆ ಬಂದು, "ಏನಮ್ಮಾ, ಅಪ್ಪಣೆ ಆಗಿಲ್ಲವಲ್ಲ?" ಎಂದ.

"ಆಗೇತಪ್ಪಾ," ಎಂದೆ. "ನಮ್ಮ ಮನಿಯವರದು."

ಏಣಿ ಹತ್ತಿ, ಪೆಟ್ಟಿಗೆ ತೆಗೆದು, ಗುಂಡಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಕಣ್ಣು ಮುಚ್ಚಿ ಮಲ್ಲಯ್ಯನನ್ನು ನೆನೆದು, ಒಂದು ಕಡೆಗೆ ಎಳೆದು, ಬಿಟ್ಟೆ.

ಕಿಟಕಿಯ ಕೆಂಪು ಬೆಳಕು ಗೋಡೆಯ ಮೇಲೆ ಸರಸರನೆ ಏರಿ ಆರತೊಡಗಿತು. ಊರೆಲ್ಲ ಕೋಳಿ, ದನ, ಕೂಸು ಒಮ್ಮೆಗೇ ಕೂಗಿದವು. ಧರ್ಮಶಾಲೆಯ ಕಡೆಯಿಂದ ಅಳು ಎದ್ದಿತು. ನಾನು ಏಣಿಯ ಮೇಲಿಂದಲೇ ನಮ್ಮ ಮನೆಯ ದಿಕ್ಕಿಗೆ ಕೈಮುಗಿದೆ.

ಕೆಳಗೆ ಮಹಲಿನಲ್ಲಿ, ಅಷ್ಟು ದಿನ ತಡೆದ ಹಸಿವು, ಅಷ್ಟು ದಿನ ತಡೆದ ನಿದ್ದೆ ಎಲ್ಲರ ಮೇಲೂ ಒಟ್ಟಿಗೆ ಬಿದ್ದಿತ್ತು. ಕೆಲವರು ಮೇಜಿನ ಮೇಲೆ ತಲೆಯಿಟ್ಟರು, ಕೆಲವರು ಹೊಟ್ಟೆ ಹಿಡಿದುಕೊಂಡರು. ಈಗ ಎದ್ದು ಹೋಗುತ್ತಾರೆ ಎಂದು ನಾನು ಕಾದೆ. ಯಾರೂ ಏಳಲಿಲ್ಲ. ಮುಗಿಸದೆ ಏಳುವಂತಿಲ್ಲ, ಆದ್ದರಿಂದ ಏಳಲಿಕ್ಕಾಗಿ ಮುಗಿಸತೊಡಗಿದರು. ಅಧ್ಯಕ್ಷರು ಕಾಗದ ಎತ್ತಿಕೊಂಡು ಓದಿದರು, ತಲೆಯೆತ್ತಿ ಕೇಳಿದರು, ಸುತ್ತಿಗೆ ಹೊಡೆದರು. ಮತ್ತೆ ಓದು, ಮತ್ತೆ ಸುತ್ತಿಗೆ. ಅವರ ಭಾಷೆ ನನಗೆ ತಿಳಿಯದು. ಆದರೆ ಪ್ರತಿ ಸಲ ಸುತ್ತಿಗೆ ಎತ್ತುವ ಮೊದಲು ಅವರು ಕೇಳುತ್ತಿದ್ದುದು ಯಾರದಾದರೂ ತಕರಾರಿದೆಯೇ ಎಂದೇ ಇರಬೇಕು. ಒಮ್ಮೆ ಅವರು ಲಿತಿಯಾಳ ಕುರ್ಚಿಯ ಕಡೆಗೂ ನೋಡಿದರು. ಕುರ್ಚಿ ಸುಮ್ಮನಿತ್ತು. ನಾನು ಬಾಯಿ ತೆರೆದೆ. ಏನೆಂದು ಕೂಗಲಿ? ತಡೀರಿ, ಅವಳು ನನ್ನ ಗಂಡನ ಬಾಯಿಗೆ ನೀರು ಬಿಡುತ್ತಿದ್ದಾಳೆ, ಬರುತ್ತಾಳೆ ಎಂದೇ? "ತಡೀರಿ!" ಎಂದೆ. ಅಷ್ಟರಲ್ಲಿ ಸುತ್ತಿಗೆ ಬಿದ್ದಿತ್ತು. ಎಲ್ಲರೂ ಕುರ್ಚಿ ಸರಿಸಿ ಎದ್ದ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಚಪ್ಪಾಳೆ ತಟ್ಟಿದರು, ಅಪ್ಪಿಕೊಂಡರು, ಊಟದ ಮನೆಗೆ ಓಡಿದರು.

ಆಮೇಲೆ ಗೆರೆಯೊಳಗಿನ ಹುಡುಗಿಯೊಬ್ಬಳು ಕಾಗದ ಓದಿ ಹೇಳಿದಳು. ಕಂಸಗಳನ್ನೆಲ್ಲ ತೆಗೆದಿದ್ದರು. ಕಂಸದ ಜೊತೆಗೆ ಒಳಗಿದ್ದುದನ್ನೂ ತೆಗೆದಿದ್ದರು.

ಮನೆಗೆ ಬಂದೆ. ಲಿತಿಯಾ ಇವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ದೇವರ ಮುಂದೆ ದೀಪ ಹಚ್ಚಿದ್ದಳು. ಅದರ ಎಣ್ಣೆ ಇಳಿಯುತ್ತಿತ್ತು.

"ನೀರು ಕುಡದ್ರು," ಎಂದಳು. "ಬಾಗಿಲ ಕಡೆ ನೋಡಿದ್ರು. ಹೋದ್ರು."

ನಾನು ಅವರ ಪಾದದ ಮೇಲೆ ತಲೆಯಿಟ್ಟೆ. ಎಷ್ಟು ಹೊತ್ತೋ. ತಲೆಯೆತ್ತಿದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ನಾನು ಇಲ್ಲವೆಂದು ತಲೆ ಆಡಿಸಿದೆ. ಅವಳು ಇವರ ಕೈಯನ್ನು ಎದೆಯ ಮೇಲೆ ಜೋಪಾನವಾಗಿ ಇಟ್ಟು, ಹಿತ್ತಲಿಗೆ ಹೋಗಿ ಮರಳಿನ ಮೇಲೆ ನಿಂತು ಅಣ್ಣನಿಗೆ ಫೋನು ಮಾಡಿದಳು. 'ಹತ್ತಿರಿ' ಎಂದು ತನ್ನ ಮಾತಿನಲ್ಲಿ ಹೇಳಿರಬೇಕು. ಒಂದೇ ಮಾತು. ಆಮೇಲೆ ಆ ಲೆಕ್ಕದ ಹಾಡನ್ನು ಗುನುಗಿದಳು, ಅರ್ಧಕ್ಕೆ ನಿಲ್ಲಿಸಿದಳು.

ಸಮಾಧಿ ಎಲ್ಲಿ ಎಂಬ ಮಾತು ಬಂದಾಗ ಗದ್ದಿಗಯ್ಯನವರು ಕೆರೆಯ ಹಿಂದಿನ ನಮ್ಮ ಹೊಲ ಎಂದರು. ಲಿತಿಯಾ ಮುಂದೆ ಬಂದು, "ನನ್ನ ನಾಡಿನೊಳಗ ಇಡ್ರಿ" ಎಂದಳು. ಯಾರಿಗೂ ತಿಳಿಯಲಿಲ್ಲ. ಅವಳು ಬಿಲ್ವದ ಗಿಡದಾಚೆಗೆ ಕೈ ತೋರಿಸಿದಳು.

"ಬ್ಯಾಡವಾ," ಎಂದೆ. "ನಿನಗ ಉಳದದ್ದೇ ಅಷ್ಟು. ಮತ್ತ ಅವರು... ಪ್ರತಿ ವರ್ಷ ಗಡಿಯಾರ ನಿಲ್ಲಿಸಿದ ಕೈ ಅದು."

"ಗೊತ್ತೈತಿ. ಮಣ್ಣು ಎಸೀಬಾರದು ಅಂದ ಕೈನೂ ಅದ." ಅವಳು ಅಳುತ್ತಿರಲಿಲ್ಲ. "ಒಂದು ಗೋರಿ ಇದ್ರ ಅದು ಊರಾಗ್ತೈತಿ ಅಕ್ಕಾ. ಇಲ್ಲಾಂದ್ರ ನಿನ್ನ ಹಿತ್ತಲದಾಗಿನ ಮರಳು, ಅಷ್ಟ."

ಮರಳು ಸರಿಸಿ ಅಗೆದರು. ಸ್ವಲ್ಪ ಆಳಕ್ಕೇ ನೀರು ಬಂತು. ಸಮುದ್ರ ಕಾಣದ ಊರು ನಮ್ಮದು. ನೀರು ಉಪ್ಪಾಗಿತ್ತು. ಗದ್ದಿಗಯ್ಯನವರು ಮಂತ್ರ ಶುರುಮಾಡಿದರು. ಗಂಡಸರು ಕೊಡದಲ್ಲಿ ನೀರು ಎತ್ತಿ ಹಾಕುತ್ತ, ಹಾಕುತ್ತ, ನಮ್ಮ ರೂಢಿಯಂತೆ ಇವರನ್ನು ಕೂರಿಸಿದರು. ಮಣ್ಣು ಎಳೆಯುವ ಮೊದಲು ನಾನು ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಇವರ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದೆ. ಮಕ್ಕಳಿಲ್ಲದ ಮನೆ, ಮುಂದೆ ಕೊಡುವುದು ಯಾರಿಗೆ? ಅದರ ಮೇಲೆ ಲಿತಿಯಾ ತನ್ನ ನಾಡಿನ ಮರಳನ್ನು ಬೊಗಸೆ ಬೊಗಸೆಯಾಗಿ ಸುರಿದು ಮಟ್ಟ ಮಾಡಿದಳು. ಸುತ್ತಲೂ ನಾನು ಸುಣ್ಣದಲ್ಲಿ ಗೆರೆ ಎಳೆದೆ.

ಲಿತಿಯಾ ಮತ್ತೆ ಹೋಗಲಿಲ್ಲ. ಹೋಗಲು ಎಲ್ಲಿದೆ? ಅಣ್ಣನವರು ಯಾವುದೋ ದೇಶದ ಶಿಬಿರದಲ್ಲಿದ್ದಾರೆ. ಇವಳು ನನ್ನ ಜೊತೆ ಇದ್ದು ಓಣಿಯ ಮಕ್ಕಳಿಗೆ ಲೆಕ್ಕದ ಹಾಡು ಹೇಳಿಕೊಡುತ್ತಾಳೆ. ಸಂಕವ್ವ ಮೊಸರು ತಂದುಕೊಡುವಾಗ, "ಏನವಾ, ನಿಮ್ಮ ದೇಶದಾಗ ಮಳಿ ಹೆಂಗ?" ಎಂದು ಗೆರೆಯ ಕಡೆ ನೋಡಿ ಕೇಳುತ್ತಾಳೆ. "ನಿಮ್ಮದರಷ್ಟ" ಎನ್ನುತ್ತಾಳೆ ಇವಳು. ಇಬ್ಬರೂ ನಗುತ್ತಾರೆ.

ವರ್ಷ ತಿರುಗಿತು, ಮತ್ತೆ ಸಭೆ ಬಂತು. ಮತ್ತೆ ಮಾತು, ಮತ್ತೆ ಕಂಸ. ಕೊನೆಯ ದಿನ ಸೂರ್ಯ ಗುಡ್ಡದ ಹತ್ತಿರ ಬಂದಾಗ ಅದೇ ಕಾರ್ಯದರ್ಶಿ ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದ.

"ಅಮ್ಮಾ, ಬನ್ನಿ ಬೇಗ. ಕೀಲಿ ತಗೊಳ್ಳಿ. ಇನ್ನೂ ಯಾವುದಕ್ಕೂ ಒಪ್ಪಿಗೆ ಆಗಿಲ್ಲ."

"ಕೀಲಿ ನಮ್ಮ ಮನಿಯವರ ಕೈಯಾಗ ಐತಿ."

"ಅವರು ತೀರಿಕೊಂಡರಲ್ಲವೇ?"

"ಹೌದು. ಬ್ಯಾರೆ ದೇಶದಾಗ ಅದಾರ. ಆ ದೇಶ ನನ್ನ ಮಾತು ಕೇಳೂದಿಲ್ಲ. ಅಲ್ಲಿಯವರನ್ನ ಕೇಳ್ರಿ."

ನಾನು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಲಿತಿಯಾ ಸಮಾಧಿಯ ಪಕ್ಕ ದೀಪ ಹಚ್ಚುತ್ತ ಕೂತಿದ್ದಳು. ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿದ್ದಳು. ಅವನು ಸುಣ್ಣದ ಗೆರೆಯವರೆಗೆ ಬಂದು ನಿಂತ. ಯಾಕೆ ನಿಂತನೋ ಅವನಿಗೇ ತಿಳಿಯಲಿಲ್ಲ. ಗುಡ್ಡದ ಕಡೆ ನೋಡಿದ, ಸೂರ್ಯನ ಕೆಳಗಿನ ಅಂಚು ಆಗಲೇ ತಾಗಿತ್ತು.

"ದಯವಿಟ್ಟು," ಎಂದ. "ಹೊತ್ತಿಲ್ಲ."

"ಬರ್ರಿ," ಎಂದಳು ಲಿತಿಯಾ. "ಒಳಗ ಬರ್ರಿ. ಕುಂತು ಮಾತಾಡೂಣು."

ಅವನು ಗೆರೆ ದಾಟಿ ಕಾಲಿಟ್ಟ. ಹೊಳೆಯುವ ಬೂಟು ಮರಳಿನಲ್ಲಿ ಇಳಿಯಿತು, ಕಾಲಿನ ಗಿಣ್ಣಿನವರೆಗೆ ನೀರು ಬಂತು. ಅವನು ಬೆಚ್ಚಿ ಕೆಳಗೆ ನೋಡಿದ, ಮತ್ತೆ ಅವಳನ್ನು ನೋಡಿದ. ಅವಳು ಪಕ್ಕದ ಒದ್ದೆ ಮರಳನ್ನು ಅಂಗೈಯಿಂದ ಸವರಿ ಅವನಿಗೆ ಕೂರಲು ಜಾಗ ಮಾಡಿದಳು. ನೀರು ಅದನ್ನು ಮತ್ತೆ ತುಂಬಿತು. ಗುಡ್ಡದಾಚೆ ಹೊತ್ತು ಇಳಿಯಿತು. ಊರೊಳಗೆ ಹೆಂಗಸರು ಅಂಗಳಕ್ಕೆ ಬಂದು, ಗಡಿಯಾರದ ಕಡೆ ನೋಡಿ, ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದರು.